ಜಯಪತ್ರವಿಲ್ಲದ ತೀರ್ಪು: ಶ್ರವಣಬೆಳಗೊಳದ 1368ರ ಶಾಸನ

ದೇವರ ಸ್ವರೂಪದ ಬಗ್ಗೆ ಒಮ್ಮತವಿಲ್ಲದ ಜನ ಒಂದೇ ಊರಿನಲ್ಲಿ ಹೇಗೆ ಬಾಳಬೇಕೆಂಬ ಪ್ರಶ್ನೆ ಎಲ್ಲ ಧರ್ಮಗಳ ಚರಿತ್ರೆಯಲ್ಲೂ ಎದುರಾಗುತ್ತದೆ. ಅದಕ್ಕೆ ಕರ್ನಾಟಕ ಕೊಟ್ಟ ಉತ್ತರಗಳಲ್ಲಿ ಅತ್ಯಂತ ವಿವರವಾದುದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ, ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಶಾಸನದಲ್ಲಿ ಉಳಿದಿದೆ. ಶಕ ವರ್ಷ 1290ರ ಕೀಲಕ ಸಂವತ್ಸರದ ಭಾದ್ರಪದ ಮಾಸದಲ್ಲಿ, ಅಂದರೆ ಕ್ರಿ.ಶ. 1368ರಲ್ಲಿ, ಹೊರಟ ಈ ತೀರ್ಪು ಜೈನರಿಗೂ ಭಕ್ತರಿಗೂ ಹುಟ್ಟಿದ ವ್ಯಾಜ್ಯಕ್ಕೆ ಸಂಬಂಧಿಸಿದ್ದು. ಇಲ್ಲಿ ಭಕ್ತರೆಂದರೆ ಶ್ರೀವೈಷ್ಣವರು.

ಇಂಥ ವ್ಯಾಜ್ಯಗಳನ್ನು ಅದಕ್ಕೂ ಮೊದಲು ಬಗೆಹರಿಸುತ್ತಿದ್ದ ಒಂದು ರೀತಿಯನ್ನು ನೆನೆದರೆ ಈ ತೀರ್ಪಿನ ಹೊಸತನ ಅರ್ಥವಾಗುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ, ಸುಮಾರು 1200ರ ಶಾಸನವು ಶಿವಭಕ್ತನಾದ ಏಕಾಂತದ ರಾಮಯ್ಯನು ಜೈನರೊಡನೆ ಪಣ ಕಟ್ಟಿ, ತನ್ನ ಶಿರಸ್ಸನ್ನೇ ಶಿವನಿಗೆ ಅರ್ಪಿಸಿ ಮರಳಿ ಪಡೆದನೆಂದೂ, ಸೋತವರು ಪಣಕ್ಕೆ ತಪ್ಪಿದಾಗ ಜಿನಬಿಂಬವನ್ನು ಕೆಡವಿದನೆಂದೂ, ಕಲಚುರಿ ಬಿಜ್ಜಳನು ಅವನಿಗೆ ಜಯಪತ್ರ ಕೊಟ್ಟನೆಂದೂ ಹೇಳುತ್ತದೆ. ಜಯಪತ್ರವೆಂದರೆ ವಾದದಲ್ಲಿ ಗೆದ್ದವನಿಗೆ ಅರಸನು ಬರೆದುಕೊಡುವ ಪತ್ರ. ಅಲ್ಲಿ ನಂಬಿಕೆಯ ಪ್ರಶ್ನೆಯೂ ಸ್ಥಳದ ಹಕ್ಕಿನ ಪ್ರಶ್ನೆಯೂ ಒಂದೇ ಪಣದಲ್ಲಿ ತೀರ್ಮಾನವಾದವು. ಒಬ್ಬನ ಗೆಲುವು ಇನ್ನೊಬ್ಬನ ಆಲಯದ ಅಳಿವಾಯಿತು.

1368ರ ಹೊತ್ತಿಗೆ ಜೈನರ ಸ್ಥಿತಿ ಇನ್ನಷ್ಟು ಇಳಿದಿತ್ತು. ಗಂಗರ ಕಾಲದಲ್ಲೂ ಹೊಯ್ಸಳರ ಮೊದಲ ತಲೆಮಾರುಗಳಲ್ಲೂ ದೊರೆತಿದ್ದ ರಾಜಾಶ್ರಯ ಕುಗ್ಗಿತ್ತು. ಒಂದು ಕಡೆ ವೀರಶೈವವೂ, ಇನ್ನೊಂದು ಕಡೆ ಮೇಲುಕೋಟೆಯನ್ನು ಕೇಂದ್ರವಾಗಿಸಿಕೊಂಡ ಶ್ರೀವೈಷ್ಣವವೂ ಬೆಳೆದು ನಿಂತಿದ್ದವು. ಶಾಸನವಿರುವ ಬಸದಿಯೇ ಹಳೆಯ ವೈಭವಕ್ಕೆ ಸಾಕ್ಷಿ: ಅದನ್ನು 1159ರಲ್ಲಿ ಕಟ್ಟಿಸಿದವನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳ. ಎರಡು ಶತಮಾನ ಕಳೆಯುವಷ್ಟರಲ್ಲಿ ಜೈನ ಸಮುದಾಯದವರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳಿಂದ ಒಟ್ಟುಗೂಡಿ, ಭಕ್ತರು ಮಾಡುತ್ತಿರುವ ಅನ್ಯಾಯವನ್ನು ಬುಕ್ಕರಾಯನಲ್ಲಿ ಬಿನ್ನವಿಸಿಕೊಳ್ಳಬೇಕಾಯಿತು.

ಅರಸನು ಸಭೆ ಕರೆದ ಬಗೆಯಲ್ಲಿಯೇ ತೀರ್ಪಿನ ಅರ್ಧ ಬಲವಿದೆ. ಕೋವಿಲ್ ಎಂದು ಕರೆಯಲಾಗುವ ಶ್ರೀರಂಗ, ತಿರುಮಲೆ, ಪೆರುಮಾಳ್ ಕೋವಿಲ್ ಎಂಬ ಹೆಸರಿನ ಕಂಚಿ, ತಿರುನಾರಾಯಣಪುರವೆನಿಸಿದ ಮೇಲುಕೋಟೆ ಮುಂತಾದ ಕ್ಷೇತ್ರಗಳ ಆಚಾರ್ಯರೂ ಹದಿನೆಂಟು ನಾಡಿನ ಶ್ರೀವೈಷ್ಣವರೂ ಅಲ್ಲಿ ಸೇರಿದ್ದರು. ಅವರೊಡನೆ ದೇಗುಲಕ್ಕೆ ನೀರು ಹೊರುವವರು ಮೊದಲಾದ ಸೇವಕವರ್ಗದವರನ್ನೂ, ಅಸ್ಪೃಶ್ಯರೆಂದು ದೂರವಿಡಲಾಗಿದ್ದರೂ ಮೇಲುಕೋಟೆಯ ಸಂಪ್ರದಾಯದಲ್ಲಿ ವಿಶೇಷ ಸ್ಥಾನ ಪಡೆದಿದ್ದ ತಿರುಕುಲ, ಜಾಂಬವಕುಲದವರನ್ನೂ ಶಾಸನ ಹೆಸರಿಸುತ್ತದೆ. ಬೀದಿಯಲ್ಲಿ ಜಗಳಕ್ಕೆ ಇಳಿಯಬಲ್ಲವರು ಆಚಾರ್ಯರಷ್ಟೇ ಅಲ್ಲವಾದ್ದರಿಂದ, ಮಾತು ಕೊಡಬೇಕಾದವರೂ ಆಚಾರ್ಯರಷ್ಟೇ ಆಗಿರಲಿಲ್ಲ. ಈ ಸಭೆಯ ಮುಂದೆ ಬುಕ್ಕರಾಯನು ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಜೈನರ ಕೈ ಹಿಡಿದು ವೈಷ್ಣವರ ಕೈಗೆ ಒಪ್ಪಿಸಿದನು.

ಭೇದವಿಲ್ಲವೆಂಬ ಮಾತನ್ನು ಸಿದ್ಧಾಂತದ ಮಾತಾಗಿ ಓದಲಾಗದು. ಜಗತ್ತಿಗೆ ಸೃಷ್ಟಿಕರ್ತನಿಲ್ಲವೆಂದು ಹೇಳುವ ಜಿನಮತಕ್ಕೂ, ಜಗದೊಡೆಯನಾದ ನಾರಾಯಣನಲ್ಲಿ ಶರಣಾಗತಿಯೇ ಗತಿಯೆನ್ನುವ ರಾಮಾನುಜರ ಮತಕ್ಕೂ ಇರುವ ಅಂತರ ಸಭೆಯಲ್ಲಿ ಕುಳಿತಿದ್ದ ಎಲ್ಲರಿಗೂ ತಿಳಿದದ್ದೇ. ಶಾಸನದ ಮೊದಲ ಪದ್ಯವೇ ಪರಮತಗಳನ್ನು ದಹಿಸುವ ಬೆಂಕಿಯೆಂದು ರಾಮಾನುಜರನ್ನು ಹೊಗಳುತ್ತದೆ. ಆ ಅಂತರವನ್ನು ಅರಸನು ಮುಟ್ಟಲಿಲ್ಲ, ಯಾರ ದರ್ಶನ ಸತ್ಯವೆಂದು ಕೇಳಲೂ ಇಲ್ಲ. ಜೈನದರ್ಶನಕ್ಕೆ ಹಿಂದಿನಂತೆಯೇ ಪಂಚಮಹಾವಾದ್ಯಗಳೂ ಕಳಶವೂ ಸಲ್ಲಬೇಕೆಂದು ಅವನು ವಿಧಿಸಿದನು. ಪಂಚಮಹಾವಾದ್ಯವೆಂದರೆ ಕೊಂಬು, ತಮಟೆ, ಶಂಖ, ಭೇರಿ, ಜಯಗಂಟೆಗಳನ್ನು ಮೊಳಗಿಸುವ ಮರ್ಯಾದೆ. ಕಳಶವೆಂದರೆ ಉತ್ಸವದ ಪೂರ್ಣಕುಂಭ. ಊರಿನ ಬೀದಿಯಲ್ಲಿ ಈ ಗೌರವಗಳೊಡನೆ ನಡೆಯುವ ಹಕ್ಕೇ ಒಂದು ಸಮುದಾಯದ ಸ್ಥಾನಮಾನದ ಅಳತೆಗೋಲಾಗಿದ್ದ ಕಾಲವದು. ಇದಕ್ಕಿಂತ ಮುಖ್ಯವಾದದ್ದು ಮುಂದಿನ ವಿಧಿ: ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿಯೆಂದು ಭಾವಿಸಬೇಕು, ಮತ್ತು ಈ ಕಟ್ಟಳೆಯನ್ನು ನಾಡಿನ ಬಸದಿಗಳಲ್ಲೆಲ್ಲ ವೈಷ್ಣವರೇ ಶಾಸನವಾಗಿ ನಿಲ್ಲಿಸಬೇಕು.

ಮಾತು ಮಾತಾಗಿಯೇ ಉಳಿಯದಂತೆ ಹಣದ ವ್ಯವಸ್ಥೆಯೂ ಆಯಿತು. ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ (ಅಂದಿನ ನಾಣ್ಯ) ಕೊಡಬೇಕು. ತಿರುಮಲೆಯ ತಾತಯ್ಯನೆಂಬ ಶ್ರೀವೈಷ್ಣವನು ಅದನ್ನು ಕೂಡಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ವೈಷ್ಣವರು ನೇಮಿಸುವ 20 ಆಳುಗಳಿಗೆ ವಿನಿಯೋಗಿಸಿ, ಮಿಕ್ಕಿದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವನು ರಾಜದ್ರೋಹಿ ಮಾತ್ರವಲ್ಲ, ಸಂಘದ್ರೋಹಿ, ಸಮುದಾಯದ್ರೋಹಿ ಎಂದೂ ಶಾಸನ ಎಚ್ಚರಿಸುತ್ತದೆ. ತೆರುವವರು ಜೈನರು, ಕಾಯುವವರು ವೈಷ್ಣವರು ಎಂಬುದನ್ನು ಗಮನಿಸಿದರೆ ಇದು ಸಮಾನರ ಒಪ್ಪಂದವಲ್ಲವೆಂಬುದು ಸ್ಪಷ್ಟ. ದುರ್ಬಲರು ತಮ್ಮ ರಕ್ಷಣೆಯ ವೆಚ್ಚವನ್ನು ತಾವೇ ಹೊರಬೇಕಾಯಿತು. ಆದರೂ ಪ್ರಬಲರ ಹೆಗಲಿಗೆ ಬಿದ್ದ ಹೊಣೆ ಚಿಕ್ಕದಲ್ಲ, ಏಕೆಂದರೆ ಅಂದಿನಿಂದ ಬಸದಿಯ ಮೇಲೆ ಎತ್ತಿದ ಕೈ ತಮ್ಮವರ ಮಾತಿನ ಮೇಲೆ ಎತ್ತಿದ ಕೈಯಾಯಿತು.

ಶಾಸನಕ್ಕೆ ಸೇರಿಸಿದ ಸಾಲುಗಳ ಪ್ರಕಾರ, ಕಲ್ಲೇಹದ ಬುಸುವಿ ಸೆಟ್ಟಿ ಎಂಬ ಜೈನ ವರ್ತಕನು ಮತ್ತೆ ಅರಸನಿಗೆ ಬಿನ್ನವಿಸಿ, ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದನು. ಎರಡು ಸಮಯಗಳವರೂ, ಅಂದರೆ ಎರಡು ಮತಗಳವರೂ, ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಜೈನರು ರಾಜಧಾನಿಯಲ್ಲೂ ನೆಲೆ ಉಳಿಸಿಕೊಂಡರು: ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕುಂಥುನಾಥನಿಗೆ ಕಟ್ಟಿಸಿದ ಜಿನಾಲಯ ಇಂದಿಗೂ ಹಂಪೆಯಲ್ಲಿ ಗಾಣಗಿತ್ತಿ ಬಸದಿಯೆಂಬ ಹೆಸರಿನಿಂದ ನಿಂತಿದೆ.

1638ರಲ್ಲಿ ಹಳೇಬೀಡಿನಲ್ಲಿ ಇದೇ ಪ್ರಶ್ನೆ ಮತ್ತೊಮ್ಮೆ ಎದ್ದಿತೆಂದು ಅಲ್ಲಿನ ಶಾಸನ ಹೇಳುತ್ತದೆ. ಹುಚ್ಚಪ್ಪ ದೇವನೆಂಬ ವೀರಶೈವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದನು, ವಿಜಯಪ್ಪ ಎಂಬ ಜೈನನು ಅದನ್ನು ಅಳಿಸಿದನು. ಬೇಲೂರಿನ ನಾಯಕರ ಆಳ್ವಿಕೆಯಲ್ಲಿ ಸೇರಿದ ಎರಡೂ ಕಡೆಯ ಹಿರಿಯರು, ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ ಆ ಬಳಿಕ ತಮ್ಮ ಪೂಜೆಯನ್ನು ಎಂದಿನಂತೆ ನಡೆಸಬಹುದೆಂದು ಗೊತ್ತುಮಾಡಿದರು; ಇದಕ್ಕೆ ಅಡ್ಡಿಪಡಿಸುವ ವೀರಶೈವನನ್ನು ಶಿವದ್ರೋಹಿ, ಜಂಗಮದ್ರೋಹಿ ಎಂದು ಸಾರಿದವರು ವೀರಶೈವರೇ. ಇಲ್ಲಿಯೂ ಪ್ರಬಲರಿಗೆ ಮೊದಲ ಮರ್ಯಾದೆ ಸಂದಿದೆ, ಆದರೆ ಪರರ ಪೂಜೆಗೆ ತಡೆಯೊಡ್ಡುವುದು ಸ್ವಂತ ಧರ್ಮಕ್ಕೆ ಬಗೆವ ದ್ರೋಹವೆಂಬ ಬುಕ್ಕರಾಯನ ಸಭೆಯ ವಿವೇಕವೂ ಉಳಿದಿದೆ. ಯಾರ ದೇವರು ನಿಜವೆಂಬ ವಾದವನ್ನು ತೀರಿಸದೆಯೇ ನೆರೆಯವನಿಗೆ ನ್ಯಾಯ ಒದಗಿಸಬಹುದೆಂಬುದನ್ನು ಈ ಎರಡು ಶಾಸನಗಳು ತೋರಿಸಿಕೊಟ್ಟಿವೆ. ಜಯಪತ್ರಕ್ಕೆ ಸಾಧ್ಯವಾಗದೆ ಹೋದದ್ದು ಇದೇ.