ಬೆಂಕಿಪೆಟ್ಟಿಗೆಯ ಲೋಕಲ್ ಗಾಡಿ

ಮಲಯಾಳದಲ್ಲಿ ರೈಲಿಗೆ ‘ತೀವಂಡಿ’ ಎಂದು ಹೆಸರು. ಕನ್ನಡದಲ್ಲಿ ನಮ್ಮ ಹಿರಿಯರು ‘ಉಗಿಬಂಡಿ’ ಎಂದರು. ಬೆಂಕಿ ಆರಿತು, ಉಗಿಯೂ ಮಾಯವಾಯಿತು. ಹೆಸರುಗಳು ಮಾತ್ರ ನಮ್ಮ ಎರಡೂ ಭಾಷೆಗಳಲ್ಲಿ ಉಳಿದುಕೊಂಡಿವೆ. ಹೋದದ್ದರ ನೆನಪನ್ನು ಮಾತು ಹೀಗೆ ಹಿಡಿದಿಡುತ್ತದೆ. ಕೆಲವೊಮ್ಮೆ ಆಟಿಕೆಯೂ ಹಿಡಿದಿಡುತ್ತದೆ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಸೋದರಮಾವ ರಜೆಗೆ ಬರುವಾಗ ತಗಡಿನ ರೈಲೊಂದನ್ನು ತಂದಿದ್ದರು. ಕೀಲಿ ಕೊಟ್ಟರೆ ಚಾವಡಿಯಲ್ಲಿ ಸುತ್ತು ಹೊಡೆಯುತ್ತಿದ್ದ ಕಪ್ಪು ಎಂಜಿನ್ನು, ಅದಕ್ಕೊಂದು ಹೊಗೆಗೊಳವೆ. “ನೀವು ದಿನಾ ಹೋಗುವ ರೈಲು ಇದೆಯಾ ಮಾವ?” ಎಂದು ಕೇಳಿದೆ. ಅವರು ನಕ್ಕರು. “ಅಲ್ಲ ಮಾರಾಯ, ನಮ್ಮ ಲೋಕಲ್ಲಿಗೆ ಹೊಗೆಯೂ ಇಲ್ಲ, ಬೇರೆ ಎಂಜಿನ್ನೂ ಇಲ್ಲ. ಹಿಂದೆ ಮುಂದೆ ಒಂದೇ ಮುಖ” ಎಂದು, ಆ ಸಂಜೆಯೇ ಒಂಬತ್ತು ಬೆಂಕಿಪೆಟ್ಟಿಗೆಗಳನ್ನು ನೂಲಿನಲ್ಲಿ ಪೋಣಿಸಿ, ಹಳದಿ ಕಂದು ಬಣ್ಣ ಬಳಿದು ಕೊಟ್ಟರು. ಒಂದೊಂದು ಪೆಟ್ಟಿಗೆಯ ಅಡಿಯಲ್ಲೂ ಕನ್ನಡದಲ್ಲಿ ಒಂದೊಂದು ನಿಲ್ದಾಣದ ಹೆಸರು: ಮಸ್ಜಿದ್, ಬೈಕುಲ್ಲಾ, ಪರೇಲ್, ದಾದರ್, ಮಾಟುಂಗಾ, ಸಾಯನ್, ಕುರ್ಲಾ... ಅದು ಲೋಕಲ್ ರೈಲಿನ ಪ್ರತಿಕೃತಿ ಮಾತ್ರವಲ್ಲ, ಅವರ ಬದುಕಿನ ನಕಾಶೆಯೂ ಆಗಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ರೈಲಿನ ಚರಿತ್ರೆ 1853ರ ಏಪ್ರಿಲ್ 16ರಂದು ಆರಂಭವಾಗುತ್ತದೆ. ಅಂದು ಬೋರಿಬಂದರದಿಂದ ಠಾಣೆಗೆ 34 ಕಿಲೋಮೀಟರ್ ದೂರ 14 ಡಬ್ಬಿಗಳ ಗಾಡಿಯನ್ನು ‘ಸಾಹಿಬ್’, ‘ಸಿಂಧ್’, ‘ಸುಲ್ತಾನ್’ ಎಂಬ ಮೂರು ಉಗಿಯಂತ್ರಗಳು ಎಳೆದವು. ಇಂದು ಆ ಮೂರರಲ್ಲಿ ಒಂದೂ ಉಳಿದಿಲ್ಲ.

ನಗರ ಬೆಳೆದಂತೆ ಉಗಿಯಂತ್ರದ ಮಿತಿ ಎದ್ದು ಕಂಡಿತು. ಕೊನೆಯ ನಿಲ್ದಾಣ ತಲುಪಿದ ಗಾಡಿ ಮರಳಬೇಕಾದರೆ ಎಂಜಿನ್ನನ್ನು ಕಳಚಿ, ಇನ್ನೊಂದು ತುದಿಗೆ ತಂದು ಜೋಡಿಸಬೇಕು. ಅಷ್ಟು ಹೊತ್ತು ಪ್ಲಾಟ್‌ಫಾರ್ಮ್ ಕಟ್ಟಿಹೋಗುತ್ತದೆ. ಹತ್ತಿರ ಹತ್ತಿರದ ನಿಲ್ದಾಣಗಳಲ್ಲಿ ನಿಂತು ಹೊರಡುವಾಗ ಬೇಗನೆ ವೇಗ ಹಿಡಿಯುವುದಕ್ಕೂ ಅದಕ್ಕೆ ಆಗದು. ಡಬ್ಬಿಗಳ ಅಡಿಯಲ್ಲೇ ಮೋಟಾರು, ಎರಡೂ ತುದಿಗಳಲ್ಲಿ ಚಾಲಕನ ಕೋಣೆ ಇರುವ ವಿದ್ಯುತ್ ಗಾಡಿ ಈ ಎರಡು ತೊಡಕುಗಳನ್ನೂ ಒಟ್ಟಿಗೆ ಬಿಡಿಸಿತು. 1925ರ ಫೆಬ್ರವರಿ 3ರಂದು, ಗವರ್ನರ್ ಸರ್ ಲೆಸ್ಲಿ ವಿಲ್ಸನ್ನರ ಕಾಲದಲ್ಲಿ, ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ಭಾರತದ ಮೊದಲ ವಿದ್ಯುತ್ ರೈಲು ಓಡಿತು. 1928ರ ಜನವರಿಯಲ್ಲಿ ಕೊಲಾಬಾ–ಬೋರಿವಲಿ ಮಾರ್ಗಕ್ಕೂ ವಿದ್ಯುತ್ ಬಂತು.

ಮಾರ್ಗ ಘಟ್ಟ ಹತ್ತಿ ಪುಣೆಯತ್ತ ಸಾಗಿದಾಗ ಭಾರ ಎಳೆಯಲು ಬೇರೆಯೇ ಎಂಜಿನ್ನುಗಳು ಬೇಕಾದವು. 1928ರಿಂದ ಬಂದವುಗಳು 41. ಮೊದಲ ಹತ್ತು ಸ್ವಿಟ್ಜರ್ಲೆಂಡಿನಲ್ಲಿ, ಉಳಿದವು ಇಂಗ್ಲೆಂಡಿನಲ್ಲಿ ತಯಾರಾದವು. ನಡುವೆ ಒಂದು ಕೋಣೆ, ಎರಡೂ ಬದಿಗೆ ಚಾಚಿದ ಉದ್ದ ಮೂತಿಗಳು. ತಿರುವು ಬಂದಾಗ ಮೂರೂ ಭಾಗಗಳು ಬೇರೆ ಬೇರೆಯಾಗಿ ಬಾಗುತ್ತಿದ್ದವು. ಗಾಲಿಗಳನ್ನು ಜೋಡಿಸಿದ ಸರಳುಗಳು ಏಡಿಯ ಕಾಲಿನಂತೆ ಚಲಿಸುತ್ತಿದ್ದವು. ಮರಾಠಿ ನೌಕರರು ಇದಕ್ಕೆ ಇಟ್ಟ ಹೆಸರು ‘ಖೇಕಡಾ’, ಎಂದರೆ ಏಡಿ! 2600 ಅಶ್ವಶಕ್ತಿಯ ಈ ಏಡಿಗಳು ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು 1990ರ ದಶಕದಲ್ಲಿ ಮರೆಯಾದವು. ಅವುಗಳಲ್ಲೊಂದು, ‘ಸರ್ ಲೆಸ್ಲಿ ವಿಲ್ಸನ್’ ಎಂಬ ಹೆಸರಿನದು, ಹಳೆಯ ವಿಕ್ಟೋರಿಯಾ ಟರ್ಮಿನಸ್ಸಿನ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ‘ಹೆರಿಟೇಜ್ ಗಲ್ಲಿ’ಯನ್ನು ಸೇರಿತು.

ದೊಡ್ಡ ಎಂಜಿನ್ನನ್ನು ಕಾಪಾಡಲು ಜಾಗ ಬೇಕು, ಹಣ ಬೇಕು. ಆದ್ದರಿಂದಲೇ ಹವ್ಯಾಸಿಗಳು ಚರಿತ್ರೆಯನ್ನು ಅಂಗೈಗೆ ಇಳಿಸುತ್ತಾರೆ. ಪುಣೆಯ ಕೋಥ್ರೂಡಿನಲ್ಲಿ ಭಾವೂ ಜೋಶಿಯವರ ಪರಿಶ್ರಮದಿಂದ 1998ರಲ್ಲಿ ಕಿರುರೈಲುಗಳದೇ ಒಂದು ಮ್ಯೂಸಿಯಂ ತೆರೆಯಿತು. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 87ರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಇಪ್ಪತ್ತು ಮೀಟರಿನ ‘ಏಡಿ’ 23 ಸೆಂಟಿಮೀಟರಿನದಾಗುತ್ತದೆ. ಮಾವನ ಒಂಬತ್ತು ಡಬ್ಬಿಯ ಲೋಕಲ್ಲು ಸುಮಾರು ಎರಡು ಮೀಟರು. ಕಾಸರಗೋಡಿನಿಂದ ಮಂಗಳೂರಿಗಿರುವ 46 ಕಿಲೋಮೀಟರ್ ದಾರಿ ಐನೂರ ಮೂವತ್ತು ಮೀಟರಿಗೆ ಮುಗಿದುಹೋಗುತ್ತದೆ.

ಆದರೆ ಇಲ್ಲೊಂದು ತೊಡಕು ಇದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ ಹತ್ತೊಂಬತ್ತಕ್ಕಿಂತ ತುಸು ಹೆಚ್ಚು. ಪೇಟೆಯಲ್ಲಿ ಸಿಗುವ ಹಳಿಯಾದರೋ ಯುರೋಪ್, ಅಮೆರಿಕಾಗಳ ಕಿರಿದಾದ ಗೇಜಿಗೆ ಹೊಂದುವ ಹದಿನಾರೂವರೆ ಮಿಲಿಮೀಟರಿನದು. ಹೀಗಾಗಿ ನಮ್ಮ ರೈಲಿನ ಪ್ರತಿಕೃತಿ ಮಾಡುವವನು ಒಂದೋ ಹೊರಗಿನವರ ಹಳಿಯ ಮೇಲೆ ತನ್ನ ಗಾಡಿಯನ್ನು ಸರಿತೂಗಿಸಬೇಕು, ಇಲ್ಲವೇ ಸ್ವಂತ ಹಳಿಯನ್ನು ಕೈಯಾರೆ ಹಾಕಬೇಕು. ಗಡಿನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಹೊರಟ ನಮ್ಮಂಥವರಿಗೆ ಈ ಕಷ್ಟ ಹೊಸದೇನಲ್ಲ.

ಲೋಕಲ್ಲಿನ ಇತಿಹಾಸದಲ್ಲಿ ನಮ್ಮವರ ಪಾಲೂ ಇದೆ. ನಮ್ಮ ಕರಾವಳಿಯಿಂದ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಇದೇ ಗಾಡಿಗಳನ್ನು ಹಿಡಿದು ಕನ್ನಡ ರಾತ್ರಿಶಾಲೆಗಳಿಗೆ ಹೋದರು. ಮಾಟುಂಗಾ ನಿಲ್ದಾಣದ ಬಳಿ ಎ. ರಾಮನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಎಲೆಯೂಟ ಎಷ್ಟು ಮಂದಿಗೆ ಊರಿನ ನೆನಪಾಗಿತ್ತೋ! ಎಂಜಿನ್ನುಗಳಿಗೆ ಗವರ್ನರರ ಹೆಸರಿಟ್ಟರು. ಬಾಗಿಲಿನ ಕಂಬಿ ಹಿಡಿದು ನಿಂತವರ ಹೆಸರನ್ನು ಯಾರೂ ಬರೆದಿಡಲಿಲ್ಲ.

1500 ವೋಲ್ಟಿನ ಹಳೆಯ ವಿದ್ಯುತ್ ವ್ಯವಸ್ಥೆ 2016ರ ಏಪ್ರಿಲಿನಲ್ಲಿ ಹಾರ್ಬರ್ ಮಾರ್ಗದಲ್ಲಿ ಕೊನೆಗೊಂಡಿತು. 1925ರಲ್ಲಿ ಅದು ಹುಟ್ಟಿದ್ದೂ ಅಲ್ಲೇ. ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ತಗಡಿನ ಎಂಜಿನ್ ತುಕ್ಕು ಹಿಡಿದು ಎಲ್ಲೋ ಹೋಗಿತ್ತು. ಬೆಂಕಿಪೆಟ್ಟಿಗೆಯ ಗಾಡಿಯಲ್ಲಿ ಉಳಿದಿರುವುದು ಎರಡೇ ಡಬ್ಬಿ: ಪರೇಲ್ ಮತ್ತು ಮಾಟುಂಗಾ. ಬ್ಯಾಂಕಿನಲ್ಲಿ ಇತರರ ಲೆಕ್ಕ ಜೋಪಾನ ಮಾಡುವ ನಾನು ಮನೆಯ ಈ ಲೆಕ್ಕದಲ್ಲಿ ತಪ್ಪಿದೆ. ಆ ದಾರಿಯಲ್ಲಿ ಅವರು ಯಾವ ನಿಲ್ದಾಣದಲ್ಲಿ ಇಳಿಯುತ್ತಿದ್ದರು, ಯಾವ ರಾತ್ರಿಶಾಲೆಗೆ ಹೋದರು ಎಂದು ಕೇಳಿಯೇ ಇರಲಿಲ್ಲ.

ಓದುಗರ ಮನೆಗಳಲ್ಲೂ ಮುಂಬಯಿಯಿಂದ ಮರಳಿದ ಹಿರಿಯರಿರಬಹುದು, ಪೆಟ್ಟಿಗೆಯಲ್ಲಿ ಅವರದೊಂದು ಹಳೆಯ ಸೀಸನ್ ಟಿಕೇಟಿರಬಹುದು. ಅದನ್ನು ಎಸೆಯಬೇಡಿ. ಹಿರಿಯರು ಇರುವಾಗಲೇ ಪಕ್ಕದಲ್ಲಿ ಕುಳಿತು ಕೇಳಿ, ಬರೆದಿಡಿ.