ತಾಳದಿಂದ ಪರದೆಗೆ: ಪ್ರಯಾಣದ ಬೇಸರ ಕಳೆದ ಕಥೆ

2025ರ ಡಿಸೆಂಬರ್ 25ರ ಬೆಳಿಗ್ಗೆ ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅದು ಬಂದದ್ದು ಬೆಂಗಳೂರಿನಿಂದ. ಬೆಂಗಳೂರಿನಿಂದ ಇಲ್ಲಿಗೆ ಹಾರಾಟ ಹೆಚ್ಚುಕಡಿಮೆ ಒಂದೂವರೆ ಗಂಟೆಯದು. ಅಲ್ಲಿಂದ ಸ್ವಲ್ಪ ದೂರದ ಕಲ್ಯಾಣದಲ್ಲಿ ಸ್ಲೋ ಲೋಕಲ್ ಹತ್ತಿ ಮುಂಬಯಿಯ ಸಿಎಸ್‌ಎಂಟಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಒಂದು ಗಾಡಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹಾರುತ್ತದೆ, ಇನ್ನೊಂದು 54 ಕಿಲೋಮೀಟರ್ ತೆವಳುತ್ತದೆ. ಎರಡರಲ್ಲೂ ಕೂತವರ ಮುಂದೆ ಇರುವ ಪ್ರಶ್ನೆ ಮಾತ್ರ ಒಂದೇ: ಈ ಒಂದೂವರೆ ಗಂಟೆಯನ್ನು ಏನು ಮಾಡುವುದು?

ವಿಮಾನದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕಂಪನಿ ಎಂದು ಪ್ರಯಾಣಿಕ ನಂಬಿದ್ದಾನೆ. ಸೀಟಿನ ಬೆನ್ನಿಗೆ ಪರದೆ ಇಲ್ಲದಿದ್ದರೆ ಮುಖ ಸಪ್ಪಗಾಗುತ್ತದೆ. ಇದ್ದ ಪರದೆ ಕೆಟ್ಟಿದ್ದರೆ ಸಿಟ್ಟು ಬರುತ್ತದೆ. ಲೋಕಲ್‌ನಲ್ಲಿ ನಿಂತವನು ರೈಲ್ವೆಯಿಂದ ಮನರಂಜನೆ ಕೇಳಿದವನೇ ಅಲ್ಲ. ಅಲ್ಲಿ ಆ ಉತ್ತರವನ್ನು ಜನರೇ ಕಂಡುಕೊಂಡರು. ಈ ಎರಡು ನಿರೀಕ್ಷೆಗಳ ನಡುವಿನ ಅಂತರ ಹೇಗೆ ಹುಟ್ಟಿತು ಎಂಬುದಕ್ಕೆ ಥಾಣೆ, ಡೊಂಬಿವಲಿ, ಕಲ್ಯಾಣದ ಹಳಿಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗುವುದು ಕಷ್ಟ. ಏಕೆಂದರೆ ಈ ದೇಶದಲ್ಲಿ ಪ್ರಯಾಣಿಕ ರೈಲಿನ ಕಥೆ ಶುರುವಾದದ್ದೇ ಇಲ್ಲಿ.

1853ರ ಏಪ್ರಿಲ್ 16ರ ಮಧ್ಯಾಹ್ನ 3 ಗಂಟೆ 35 ನಿಮಿಷಕ್ಕೆ ಬೋರಿಬಂದರದಿಂದ ಥಾಣೆಗೆ ರೈಲು ಹೊರಟಿತು. 14 ಡಬ್ಬಿ, ಸುಮಾರು 400 ಅತಿಥಿಗಳು, ಎಳೆಯಲು ಮೂರು ಎಂಜಿನ್. ಹೊರಡುವಾಗ ಬ್ಯಾಂಡ್ ಬಾರಿಸಿತು, 21 ಕುಶಾಲು ತೋಪು ಹಾರಿದವು. 34 ಕಿಲೋಮೀಟರ್ ದೂರಕ್ಕೆ ಹಿಡಿದದ್ದು 57 ನಿಮಿಷ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆ ದಿನ ಯಾರಿಗೂ ಬೇಸರ ಕಳೆಯುವ ಸಾಧನ ಬೇಕಿರಲಿಲ್ಲ. ರೈಲೇ ತಮಾಷೆ, ಕಿಟಕಿಯೇ ಪರದೆ. ಹಳಿಯ ಪಕ್ಕ ನಿಂತು ನೋಡಿದವರಿಗೂ ಅದು ಪುಕ್ಕಟೆ ಜಾತ್ರೆ.

ಹೊಸತನದ ಆಯಸ್ಸು ಚಿಕ್ಕದು. ರೈಲು ದಿನಬಳಕೆಯದಾದ ಮೇಲೆ ಕಿಟಕಿ ಸಾಲದಾಯಿತು. ಕಾಸಿದ್ದ, ಓದು ಬಲ್ಲವರಿಗಾಗಿ ನಿಲ್ದಾಣಗಳಲ್ಲಿ ಪುಸ್ತಕದ ಅಂಗಡಿ ಬಂತು. 1877ರಲ್ಲಿ ಅಲಹಾಬಾದಿನಲ್ಲಿ ಶುರುವಾದ ವೀಲರ್ ಅಂಗಡಿಗಳು ಇದರಿಂದಲೇ ಬೆಳೆದವು. ಉಳಿದವರಿಗೆ, ಅಂದರೆ ಮೂರನೇ ದರ್ಜೆಯವರಿಗೆ, ಕೂರಲು ಜಾಗ ಸಿಕ್ಕರೆ ಅದೇ ಪುಣ್ಯ. 1917ರಲ್ಲಿ ಗಾಂಧೀಜಿ ಮೂರನೇ ದರ್ಜೆಯ ಪ್ರಯಾಣದ ಮೇಲೆ ಪ್ರಕಟಿಸಿದ ಕಿರುಹೊತ್ತಿಗೆಯಲ್ಲಿ ಮುಂಬಯಿಯಿಂದ ಮದ್ರಾಸಿಗೆ ಹೋದ ಅನುಭವ ಬರೆದಿದ್ದಾರೆ. ಅದರ ತುಂಬ ನೂಕುನುಗ್ಗಲು, ಕೊಳಕು, ಕೆಟ್ಟ ಶೌಚಾಲಯಗಳ ಮಾತೇ ಇದೆ. ಹೊತ್ತು ಹೋಗಲಿಲ್ಲ ಎಂಬ ದೂರಿಗೆ ಅಲ್ಲಿ ಎಡೆಯಿಲ್ಲ. ಬೇಸರಪಡುವುದಕ್ಕೂ ಸ್ವಲ್ಪ ಸುಖ ಬೇಕು.

ಮುಂಬಯಿ ಬೆಳೆದಂತೆ ಬಾಡಿಗೆ ಏರಿತು. ನೌಕರಿ ಕೋಟೆ ಪ್ರದೇಶದಲ್ಲಿ, ಮನೆ ಡೊಂಬಿವಲಿಯಲ್ಲಿ ಎಂಬ ಬದುಕು ಲಕ್ಷಾಂತರ ಜನರದ್ದಾಯಿತು. ಅವರಲ್ಲಿ ಕನ್ನಡಿಗರೂ ತುಳುವರೂ ಕಡಿಮೆಯಿರಲಿಲ್ಲ. ಉಡುಪಿ ಹೋಟೆಲುಗಳಿಗೆ ದುಡಿಯಲು ಬಂದು, ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕಿಗೋ ಕಚೇರಿಗೋ ಸೇರಿ, ಕೊನೆಗೆ ಈ ಉಪನಗರಗಳಲ್ಲಿ ಒಂದು ಕೋಣೆ ಹಿಡಿದವರು ಅವರು. ದಿನಕ್ಕೆ ಎರಡೂವರೆ ಮೂರು ಗಂಟೆ ಗಾಡಿಯಲ್ಲಿ. ಒಂದು ನೌಕರಿಯ ಆಯಸ್ಸಿಗೆ ಲೆಕ್ಕ ಹಾಕಿದರೆ ವರ್ಷಗಟ್ಟಲೆ ಕಾಲ ಹಳಿಯ ಮೇಲೇ ಕಳೆಯಿತು.

ಈ ಕಾಲವನ್ನು ಅವರು ಕಳೆದ ರೀತಿಯೇ ಒಂದು ಸಂಸ್ಕೃತಿಯಾಯಿತು. ದಿನವೂ ಅದೇ ಗಾಡಿ, ಅದೇ ಡಬ್ಬಿ, ಅದೇ ಬಾಗಿಲು. ಮುಖಗಳೂ ಅವೇ. ಹೀಗಾಗಿ ಗುಂಪು ಕಟ್ಟಿಕೊಂಡಿತು. ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಅಂಚು ಬಿಟ್ಟುಕೊಡುವುದು ಇಲ್ಲಿಯ ಶಿಷ್ಟಾಚಾರ. ಮೊಣಕಾಲುಗಳ ಮೇಲೆ ಬ್ರೀಫ್‌ಕೇಸ್ ಅಡ್ಡ ಇಟ್ಟರೆ ಅದೇ ಇಸ್ಪೀಟಿನ ಮೇಜು. ಹೆಂಗಸರ ಡಬ್ಬಿಯಲ್ಲಿ ಬೆಂಡೆಕಾಯಿ ಹೆಚ್ಚುವುದು, ಹುಟ್ಟುಹಬ್ಬಕ್ಕೆ ಸಿಹಿ ಹಂಚುವುದು, ದಸರೆಗೆ ಡಬ್ಬಿಯನ್ನೇ ಹೂವಿನಿಂದ ಸಿಂಗರಿಸುವುದು. ಎಲ್ಲಕ್ಕಿಂತ ಹೆಸರಾದದ್ದು ಭಜನಾ ಮಂಡಳಿ. ಒಬ್ಬನ ಚೀಲದಲ್ಲಿ ತಾಳ, ಇನ್ನೊಬ್ಬನ ಹೆಗಲಿಗೆ ಢೋಲಕಿ. ಅದಿಲ್ಲದ ದಿನ ಗಾಡಿಯ ತಗಡಿನ ಗೋಡೆಯೇ ಮೃದಂಗ. ಕಲ್ಯಾಣ ಬಿಟ್ಟಾಗ ಶುರುವಾದ ಅಭಂಗ ದಾದರಿನ ಹೊತ್ತಿಗೆ ಆರತಿಗೆ ಬರುತ್ತದೆ.

ಮರಾಠಿ ಇನ್ನೂ ಬಾಯಿಗೆ ಹತ್ತದ ಕನ್ನಡಿಗನಿಗೂ ಈ ಭಜನೆ ಪರಕೀಯವಾಗಿರಲಿಲ್ಲ. ಪಂಢರಪುರದ ವಿಠಲ ನಮ್ಮ ಹರಿದಾಸರ ದೇವರೂ ಹೌದು. ಜ್ಞಾನೇಶ್ವರರು ಆತನನ್ನು ಕರ್ನಾಟಕದವನೆಂದೇ ಕರೆದಿದ್ದಾರೆ. ಮಾತು ಅರ್ಥವಾಗದಿದ್ದರೂ ಹೆಸರು ಗೊತ್ತಿತ್ತು, ತಾಳ ಗೊತ್ತಿತ್ತು. ಕೈ ತಾನಾಗಿ ತಟ್ಟುತ್ತಿತ್ತು.

ಇದನ್ನು ಬರೀ ಹೊಗಳಿ ಬಿಡುವಂತಿಲ್ಲ. ರಾತ್ರಿಪಾಳಿ ಮುಗಿಸಿ ಕಣ್ಣು ಮುಚ್ಚಬೇಕೆಂದವನಿಗೆ ಕಿವಿಯ ಪಕ್ಕದ ತಾಳ ಭಕ್ತಿಯಾಗಿ ಕೇಳಿಸುವುದಿಲ್ಲ. ಬೇರೆ ಧರ್ಮದವನು, ಪರೀಕ್ಷೆಗೆ ಓದುವ ಹುಡುಗಿ, ತಲೆನೋವಿನವರು, ಇವರೆಲ್ಲರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಗುಂಪಿನವರು ಜಾಗ ಹಿಡಿದಿಟ್ಟುಕೊಳ್ಳುವುದರಿಂದ ಜಗಳಗಳೂ ಆದವು. 1989ರ ರೈಲ್ವೆ ಕಾಯ್ದೆಯ 145ನೇ ಕಲಮು ಸಹಪ್ರಯಾಣಿಕರಿಗೆ ಉಪದ್ರವ ಕೊಡುವುದನ್ನು ಅಪರಾಧ ಎನ್ನುತ್ತದೆ. ಭಜನೆ ಉಪದ್ರವವೋ ಉಪಶಮನವೋ ಎಂಬುದು ಕೇಳುವವನು ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ ನಿಂತಿದೆ.

ವಿಮಾನದ ಕಥೆ ಬೇರೆ ದಾರಿ ಹಿಡಿಯಿತು. 1921ರಲ್ಲಿ ಅಮೆರಿಕದ ಶಿಕಾಗೋದ ಮೇಲೆ ಹಾರಿದ ಏರೋಮರೀನ್ ವಿಮಾನದಲ್ಲಿ ಆ ಊರಿನ ಬಗೆಗಿನ ಒಂದು ಚಿತ್ರ ತೋರಿಸಿದರು. 1925ರಲ್ಲಿ ಲಂಡನ್ನಿನಿಂದ ಹೊರಟ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ‘ದಿ ಲಾಸ್ಟ್ ವರ್ಲ್ಡ್’ ಮೂಕಿಚಿತ್ರ ಓಡಿತು. ಇವೆಲ್ಲ ಪ್ರಚಾರದ ಗಮ್ಮತ್ತುಗಳು. ಭಾರತದಲ್ಲಿ ಆಗಿನ್ನೂ ನಾಗರಿಕ ವಿಮಾನವೇ ಎಳೆಯ ಕೂಸು. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಆ ವಿಮಾನ ಹೊತ್ತದ್ದು ಕಾಗದಗಳನ್ನು. ಕಾಗದಕ್ಕೆ ಬೇಸರವಿಲ್ಲ.

ಬೇಸರ ವ್ಯಾಪಾರವಾದದ್ದು ಜೆಟ್ ವಿಮಾನಗಳು ಬಂದ ಮೇಲೆ. ಅಂತಾರಾಷ್ಟ್ರೀಯ ದರಗಳನ್ನು ಆಗ ಕಂಪನಿಗಳು ಐಎಟಿಎ ಎಂಬ ಒಕ್ಕೂಟದಲ್ಲಿ ಸೇರಿ ಗೊತ್ತುಮಾಡುತ್ತಿದ್ದವು. ಅಮೆರಿಕದ ಒಳಗಿನ ದರಕ್ಕೆ ಸರ್ಕಾರದ ಕಟ್ಟಿತ್ತು. ದರ ಇಳಿಸಿ ಗಿರಾಕಿ ಸೆಳೆಯುವಂತಿರಲಿಲ್ಲ. ಉಳಿದದ್ದು ಊಟ, ಉಪಚಾರ, ಸಿನಿಮಾ. 1961ರ ಜುಲೈನಲ್ಲಿ ಟಿಡಬ್ಲ್ಯುಎ ಕಂಪನಿ ನ್ಯೂಯಾರ್ಕ್–ಲಾಸ್ ಏಂಜಲೀಸ್ ನಡುವೆ ಮೊದಲ ದರ್ಜೆಯವರಿಗೆ ಸಿನಿಮಾ ತೋರಿಸತೊಡಗಿತು. 16 ಮಿಲಿಮೀಟರ್ ಫಿಲ್ಮಿನ ಆ ಯಂತ್ರ ಡೇವಿಡ್ ಫ್ಲೆಕ್ಸರ್ ಎಂಬವರದು. ಆ ದಶಕದಲ್ಲಿ ಬಂದ ಕಿವಿನಳಿಗೆಗಳು ವಿದ್ಯುತ್ತಿನವಲ್ಲ, ವೈದ್ಯರ ಸ್ಟೆತಸ್ಕೋಪಿನಂಥ ಟೊಳ್ಳು ಕೊಳವೆಗಳು. ಧ್ವನಿಪೆಟ್ಟಿಗೆ ಸೀಟಿನ ಕೈಯಲ್ಲಿ, ಶಬ್ದ ಗಾಳಿಯ ಮೂಲಕ ಕಿವಿಗೆ. ಪೈಪೋಟಿಗೆ ಏರ್ ಇಂಡಿಯಾ ಕೂಡ ಇಳಿಯಿತು. 1971ರಲ್ಲಿ ಬಂದ ಅದರ ಬೋಯಿಂಗ್ 747ಗಳಿಗೆ ಸಿಕ್ಕ ಬಿರುದು ಆಕಾಶದ ಅರಮನೆ. ಜರೋಕೆಯ ಚಿತ್ತಾರದ ಕಿಟಕಿಗಳು, ಮಹಾರಾಜನ ಸಲಾಮು. ವಿಮಾನ ಹತ್ತಿದವನು ಅತಿಥಿ, ಅವನನ್ನು ರಂಜಿಸುವುದು ಆತಿಥೇಯನ ಹೊಣೆ ಎಂಬ ಭಾವನೆ ಬೇರೂರಿದ್ದು ಹೀಗೆ.

ಮುಂಬಯಿ ಕನ್ನಡಿಗರಿಗೆ ಈ ಅತಿಥಿ ಸತ್ಕಾರ ಮೊದಲು ದೊರೆತದ್ದು ಆಕಾಶದಲ್ಲಿ ಅಲ್ಲ, ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು 1998ರ ಜನವರಿಯಲ್ಲಿ. ಅದೇ ವರ್ಷ ಕುರ್ಲಾದಿಂದ ಥಾಣೆ, ಪನ್ವೇಲ್ ಮೂಲಕ ಮಂಗಳೂರಿಗೆ ಮತ್ಸ್ಯಗಂಧಾ ಓಡತೊಡಗಿತು. ಅದಕ್ಕೂ ಮುಂಚೆ ಕರಾವಳಿಯವರಿಗೆ ಗತಿ ಬಸ್ಸು. ಎಂಬತ್ತರ ದಶಕದಲ್ಲಿ ವಿಸಿಆರ್ ಬಂದ ಮೇಲೆ ಆ ಬಸ್ಸುಗಳು ‘ವಿಡಿಯೋ ಕೋಚ್’ ಆದವು. ಚಾಲಕನ ತಲೆಯ ಹಿಂದೆ ಒಂದು ಟಿವಿ. ಯಾವ ಚಿತ್ರ ಎಂಬುದು ಕ್ಲೀನರನ ಮರ್ಜಿ. ಹಿಂದಿನ ಸೀಟಿನವರಿಗೆ ಬರೀ ಸದ್ದು, ಮುಂದಿನವರಿಗೆ ನಿದ್ದೆಗೇಡು, ಘಟ್ಟದ ತಿರುವಿನಲ್ಲಿ ಕ್ಯಾಸೆಟ್ ಮಿಡುಕಿದರೆ ಎಲ್ಲರಿಂದ ಹೋ ಎಂಬ ಕೂಗು. ಆದರೂ ಮರುದಿನ ಊರಿನ ಅಂಗಳದಲ್ಲಿ ಹೇಳಲು ಒಂದು ಕಥೆ ಇರುತ್ತಿತ್ತು. ಇಡೀ ಬಸ್ಸು ಒಂದೇ ಕಥೆ ನೋಡಿತ್ತು.

ವಿಮಾನದಲ್ಲೂ ಆವರೆಗೆ ಪದ್ಧತಿ ಇದೇ: ಎಲ್ಲರಿಗೂ ಒಂದು ಪರದೆ, ಒಂದು ಚಿತ್ರ. 1988ರಲ್ಲಿ ಅದು ಬದಲಾಗತೊಡಗಿತು. ಏರ್‌ವಿಷನ್ ಎಂಬ ಕಂಪನಿ ನಾರ್ತ್‌ವೆಸ್ಟ್ ಏರ್‌ಲೈನ್ಸಿನ 747 ವಿಮಾನದಲ್ಲಿ ಸೀಟಿನ ಬೆನ್ನಿಗೆ 2.7 ಅಂಗುಲದ ಪುಟ್ಟ ಪರದೆಗಳನ್ನು ಕೂರಿಸಿ ಪರೀಕ್ಷಿಸಿತು. ಪ್ರಯಾಣಿಕರಿಗೆ ಬಹಳ ಹಿಡಿಸಿತು. ಪಕ್ಕದವನ ರುಚಿಗೆ ತಲೆಬಾಗಬೇಕಿಲ್ಲ ಎಂಬ ಸ್ವಾತಂತ್ರ್ಯ ಒಮ್ಮೆ ಸಿಕ್ಕ ಮೇಲೆ ಹಿಂದೆ ಹೋಗಲು ಯಾರು ಒಪ್ಪುತ್ತಾರೆ?

ಆ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಪ್ರತಿ ಪರದೆಗೂ ತಂತಿ, ತೂಕ, ಶಾಖ. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್‌ಏರ್ 111 ವಿಮಾನ ಕೆನಡಾದ ಕಡಲಿಗೆ ಬಿದ್ದು 229 ಜನ ಸತ್ತರು. ಚಾವಣಿಯ ಒಳಗೆ ಹೊತ್ತಿಕೊಂಡ ಬೆಂಕಿ ಕಾರಣ. ಬೆಂಕಿ ಹುಟ್ಟಿದ ಜಾಗದಲ್ಲಿ, ಆಮೇಲೆ ಜೋಡಿಸಿದ್ದ ಮನರಂಜನಾ ವ್ಯವಸ್ಥೆಯ ತಂತಿಯಲ್ಲಿ ಕಿಡಿ ಹಾರಿದ ಗುರುತು ತನಿಖೆಯವರಿಗೆ ಸಿಕ್ಕಿತು. ಹತ್ತಿರದ ಹೊದಿಕೆ ಸುಲಭವಾಗಿ ಉರಿಯುವಂಥದ್ದಾಗಿತ್ತು. ಪೈಲಟ್‌ಗಳು ಕ್ಯಾಬಿನ್ನಿನ ವಿದ್ಯುತ್ ಕಡಿಯುವ ಸ್ವಿಚ್ ಒತ್ತಿದರೂ ಈ ವ್ಯವಸ್ಥೆಗೆ ವಿದ್ಯುತ್ ನಿಲ್ಲದಂತೆ ಜೋಡಣೆಯಾಗಿತ್ತು. ರಂಜನೆಯ ಆತುರದಲ್ಲಿ ರಕ್ಷಣೆಯ ಲೆಕ್ಕ ತಪ್ಪಿತ್ತು.

ಭಾರತದ ಆಕಾಶದಲ್ಲಿ ಪ್ರಯಾಣಿಕ ಏನು ನಿರೀಕ್ಷಿಸಬೇಕು ಎಂಬ ವಾದ ನಡೆದದ್ದು ವಿಚಿತ್ರವೆಂಬಂತೆ ಬೆಂಗಳೂರಿನ ಎರಡು ಕಂಪನಿಗಳ ನಡುವೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿದರು. ಹುಬ್ಬಳ್ಳಿಯಂಥ ಊರುಗಳಿಗೆ ಸಣ್ಣ ಎಟಿಆರ್ ವಿಮಾನ, ಅಗ್ಗದ ಟಿಕೆಟು, ಬೇಕಿದ್ದರೆ ತಿಂಡಿಗೆ ದುಡ್ಡು. ಬಸ್ಸಿನ ಜನ ವಿಮಾನ ಹತ್ತಲಿ ಎಂಬುದು ಅವರ ಆಸೆ. 2005ರಲ್ಲಿ ವಿಜಯ್ ಮಲ್ಯ ಕಿಂಗ್‌ಫಿಷರ್ ತಂದರು. ಅಲ್ಲಿ ಪ್ರತಿ ಸೀಟಿಗೂ ಪರದೆ, ಪ್ರಯಾಣಿಕ ಮತ್ತೆ ಅತಿಥಿ. ಕೊನೆಗೆ ಕಿಂಗ್‌ಫಿಷರ್ ಡೆಕ್ಕನ್ನನ್ನು ನುಂಗಿತು, 2012ರಲ್ಲಿ ತಾನೂ ನಿಂತಿತು. ಗೆದ್ದದ್ದು ಡೆಕ್ಕನ್ನಿನ ವಿಚಾರ. ಇಂದು ದೇಶದೊಳಗೆ ಹಾರುವ ಹೆಚ್ಚಿನ ವಿಮಾನಗಳಲ್ಲಿ ಪರದೆಯಿಲ್ಲ. ಪರದೆ ಇಲ್ಲದ್ದರಿಂದ ತೂಕ ಉಳಿಯಿತು, ಇಂಧನ ಉಳಿಯಿತು, ರಿಪೇರಿ ಉಳಿಯಿತು. ನವಿ ಮುಂಬಯಿಗೆ ಬೆಂಗಳೂರಿನಿಂದ ಬಂದ ಆ ಮೊದಲ ವಿಮಾನವೂ ಅಂಥ ಅಗ್ಗದ ದರದ ಕಂಪನಿಯದೇ.

ಅಷ್ಟರಲ್ಲಿ ಪರದೆ ಪ್ರತಿಯೊಬ್ಬರ ಜೇಬಿಗೆ ಬಂದಿತ್ತು. ವಿಮಾನದವನೂ ಲೋಕಲ್‌ನವನೂ ಕೊನೆಗೆ ಒಂದೇ ಕಡೆ ಬಂದು ನಿಂತರು: ಇಬ್ಬರ ತಲೆಯೂ ಮೊಬೈಲಿಗೆ ಬಾಗಿದೆ. ಡೊಂಬಿವಲಿಯ ಇಸ್ಪೀಟಿನ ಗುಂಪು ತೆಳುವಾಗಿದೆ. ತಾಳದ ಸದ್ದಿಗೆ ದೂರಿದವರೇ ಈಗ ಪಕ್ಕದವನ ಮೊಬೈಲಿನಿಂದ ಹೊರಡುವ ರೀಲ್ಸ್‌ಗೆ ದೂರುತ್ತಾರೆ. ಒಂದು ವ್ಯತ್ಯಾಸ ಇದೆ. ಭಜನೆಗೆ ಸಿಟ್ಟು ಬಂದರೆ ಎದುರಿಗೆ ಒಂದು ಗುಂಪಿತ್ತು, ಮಾತಾಡಬಹುದಿತ್ತು. ಎರಡು ವಾರ ಕಾಣದವನನ್ನು ಆ ಗುಂಪು ವಿಚಾರಿಸುತ್ತಿತ್ತು. ಮೊಬೈಲು ಬೇಸರ ಕಳೆಯುತ್ತದೆ, ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ.

ಈ ಹಳಿಗಳ ಮೇಲೆ ಮನರಂಜನೆಯ ಮಾತಾಡುವಾಗ ಇನ್ನೊಂದು ದಿನವನ್ನೂ ನೆನೆಯಬೇಕು. 2025ರ ಜೂನ್ 9ರ ಬೆಳಿಗ್ಗೆ ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಎರಡು ಗಾಡಿ ಎದುರುಬದುರು ಹಾದುಹೋಗುವಾಗ ಬಾಗಿಲಲ್ಲಿ ಜೋತು ನಿಂತವರು ಕೆಳಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಇರುತ್ತದೆ ಎಂದು ರೈಲ್ವೆ ಆಮೇಲೆ ಹೇಳಿತು. 1853ರಲ್ಲಿ ಬ್ಯಾಂಡ್ ಬಾರಿಸಿ ಶುರುವಾದ ಅದೇ ಮಾರ್ಗದಲ್ಲಿ, 172 ವರ್ಷಗಳ ಮೇಲೆ, ಪ್ರಯಾಣಿಕನ ಮೊದಲ ಬೇಡಿಕೆ ಮನೆಗೆ ಜೀವಸಹಿತ ಮುಟ್ಟುವುದು.

ಸೀಟಿನ ಪರದೆ ಕೆಟ್ಟಿದೆ ಎಂದು ದೂರುವವನನ್ನು ಇದಕ್ಕಾಗಿ ಹಂಗಿಸಬೇಕಿಲ್ಲ. ದುಡ್ಡು ಕೊಟ್ಟವನು ಹೇಳಿದ್ದನ್ನು ಕೇಳುವುದು ಸರಿಯೇ. ಲೋಕಲ್‌ನವನು ಏನೂ ಕೇಳದಿರುವುದನ್ನು ಮಾತ್ರ ತೃಪ್ತಿ ಎಂದು ಎಣಿಸಬಾರದು. ಅವನು ತಾಳ ತಟ್ಟಿದ, ಇಸ್ಪೀಟು ಕಲಸಿದ, ನಾಲ್ಕನೆಯವನಿಗೆ ಜಾಗ ಬಿಟ್ಟ. ತನ್ನ ಪಾಲಿನದನ್ನು ಎಂದೋ ಮಾಡಿ ಮುಗಿಸಿದ್ದಾನೆ. ಇನ್ನು ಉಳಿದದ್ದು ಗಾಡಿ ಓಡಿಸುವವರ ಪಾಲು.