ಒಂದು ಡಿಸೈನ್, ನೂರು ಕೈ: ತಿದ್ದುವ ಹಕ್ಕು ಯಾರದು, ಹೊಣೆ ಯಾರದು?

2006ರಲ್ಲಿ ಏರ್‌ಬಸ್‌ನ ದೈತ್ಯ ವಿಮಾನ ಎ380 ಮುಗ್ಗರಿಸಿದ್ದು ವೈರಿನ ವಿಷಯಕ್ಕೆ. ಜರ್ಮನಿಯ ಹ್ಯಾಂಬರ್ಗ್‌ನಿಂದ ಬಂದ ವೈರಿಂಗ್ ಕಟ್ಟುಗಳನ್ನು ಫ್ರಾನ್ಸಿನ ಟುಲೂಸ್‌ನಲ್ಲಿ ಜೋಡಿಸಲು ಹೋದರೆ ಉದ್ದವೇ ಸಾಲಲಿಲ್ಲ. ಒಂದು ವಿಮಾನದೊಳಗೆ 500 ಕಿಲೋಮೀಟರಿಗೂ ಹೆಚ್ಚು ವೈರ್ ಇರುತ್ತೆ. ಜರ್ಮನಿ, ಸ್ಪೇನ್ ತಂಡಗಳು ಕಟಿಯಾ ಸಾಫ್ಟ್‌ವೇರಿನ 4ನೇ ಆವೃತ್ತಿ ಬಳಸುತ್ತಿದ್ದವು. ಫ್ರಾನ್ಸ್, ಬ್ರಿಟನ್ ತಂಡಗಳು 5ನೇ ಆವೃತ್ತಿ. ಒಂದು ಕಡೆಯ ಬದಲಾವಣೆ ಇನ್ನೊಂದು ಕಡೆಗೆ ಸರಿಯಾಗಿ ತಲುಪಲೇ ಇಲ್ಲ. ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ.

ಹಲವರು ಸೇರಿ ಒಂದೇ ಡಿಸೈನ್ ತಿದ್ದುವಾಗ ಎಲ್ಲರ ಮುಂದೆ ಒಂದೇ ಸತ್ಯ ಇರುವಂತೆ ನೋಡಿಕೊಳ್ಳೋದು ಹೇಗೆ? ಡೇಟಾಬೇಸ್‌ ಭಾಷೆಯಲ್ಲಿ ಇದು ಟ್ರಾನ್ಸಾಕ್ಷನ್ ನಿರ್ವಹಣೆಯ ಪ್ರಶ್ನೆ.

ಬ್ಯಾಂಕಿನ ನಿಯಮ

ನೀವು ಗೆಳೆಯನಿಗೆ 500 ರೂಪಾಯಿ ಕಳಿಸಿದಿರಿ ಅಂದುಕೊಳ್ಳಿ. ನಿಮ್ಮ ಖಾತೆಯಿಂದ ಹೋಗಬೇಕು, ಅವನ ಖಾತೆಗೆ ಬರಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವಿನ ಅರೆಬರೆ ಸ್ಥಿತಿ ಯಾರಿಗೂ ಕಾಣಬಾರದು. ಒಮ್ಮೆ ಮುಗಿದ ಮೇಲೆ ಕರೆಂಟ್ ಹೋದರೂ ಲೆಕ್ಕ ಅಳಿಯಬಾರದು. ಈ ಗುಣಗಳಿಗೆ 1983ರಲ್ಲಿ ಹೇರ್ಡರ್ ಮತ್ತು ರಾಯ್ಟರ್ ‘ಆಸಿಡ್’ ಎಂಬ ಹೆಸರಿಟ್ಟರು. ಇದನ್ನು ಸಾಧಿಸುವ ಹಳೆಯ ಉಪಾಯ ಬೀಗ: ಒಬ್ಬರು ತಿದ್ದುವಾಗ ಉಳಿದವರು ಕಾಯಬೇಕು. ಕಾಯುವುದು ಕ್ಷಣಮಾತ್ರ, ಹಾಗಾಗಿ ಯಾರೂ ಗೊಣಗಲ್ಲ.

ಡಿಸೈನ್‌ಗೆ ಇದೇಕೆ ಒಗ್ಗಲ್ಲ?

ಗೇರ್‌ಬಾಕ್ಸ್ ಒಂದರ ಡಿಸೈನ್ ಬದಲಿಸಲು ಮೂರು ವಾರ ಬೇಕಾಗಬಹುದು. ಮೂರು ವಾರ ಬೀಗ ಹಾಕಿದರೆ ಉಳಿದವರು ಕೈಕಟ್ಟಿ ಕೂರಬೇಕು. ಮಧ್ಯೆ ಸಿಸ್ಟಮ್ ಬಿದ್ದು ಎಲ್ಲವೂ ಮೊದಲಿನಂತಾದರೆ, ಮೂರು ವಾರದ ಕೆಲಸ ನೀರುಪಾಲು. ಇನ್ನೂ ಮುಖ್ಯವಾಗಿ, ಇಲ್ಲಿ ಅರೆಬರೆ ಕೆಲಸವನ್ನು ಮುಚ್ಚಿಡುವಂತಿಲ್ಲ. ರೆಕ್ಕೆಯ ಆಕಾರ ಎತ್ತ ಸಾಗುತ್ತಿದೆ ಅನ್ನೋದು ಇಂಧನ ಪೈಪು ಎಳೆಯುವವರಿಗೆ ಗೊತ್ತಾಗಲೇಬೇಕು. ದೀರ್ಘ ಟ್ರಾನ್ಸಾಕ್ಷನ್‌ಗಳ ಈ ತೊಡಕನ್ನು ಜಿಮ್ ಗ್ರೇ 1981ರಲ್ಲೇ ಚರ್ಚಿಸಿದ್ದರು. ಟ್ರಾನ್ಸಾಕ್ಷನ್ ಕುರಿತ ಸಂಶೋಧನೆಗಾಗಿಯೂ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು ಅವರು.

ಕಂಡುಕೊಂಡ ದಾರಿಗಳು

ಮೊದಲನೆಯದು ಚೆಕ್‌ಔಟ್, ಚೆಕ್‌ಇನ್: ಲೈಬ್ರರಿ ಪುಸ್ತಕದ ಹಾಗೆ ಭಾಗವೊಂದನ್ನು ಪಡೆದು, ತಿದ್ದಿ, ಹಿಂತಿರುಗಿಸುವುದು. ಹಳೆಯ ಆವೃತ್ತಿ ಅಳಿಯಲ್ಲ, ಹೊಸದು ಅದರ ಪಕ್ಕ ಕೂರುತ್ತೆ. ಎರಡನೆಯದು, ದೊಡ್ಡ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯುವುದು. 1987ರಲ್ಲಿ ಗಾರ್ಸಿಯಾ-ಮೊಲಿನಾ ಮತ್ತು ಸೇಲಂ ಮುಂದಿಟ್ಟ ‘ಸಾಗಾ’ ಮಾದರಿಯಲ್ಲಿ ಪ್ರತಿ ಹಂತಕ್ಕೂ ಅದನ್ನು ಸರಿದೂಗಿಸುವ ಇನ್ನೊಂದು ಹಂತ ಇರುತ್ತೆ. ಮೂರನೆಯದು ಗಿಟ್‌ನಂತೆ ಎಲ್ಲರೂ ಬೇರೆಬೇರೆಯಾಗಿ ತಿದ್ದಿ, ಆಮೇಲೆ ಬೆಸೆಯುವುದು. ಕೋಡ್‌ಗೆ ಇದು ಚೆನ್ನಾಗಿ ಹೊಂದುತ್ತೆ. ಆದರೆ ತ್ರೀಡಿ ಆಕಾರಗಳನ್ನು ಸಾಲುಸಾಲಾಗಿ ಹೋಲಿಸಿ ಬೆಸೆಯುವುದು ಕಷ್ಟ. ಅದಕ್ಕೇ ಕ್ಯಾಡ್ ಲೋಕದಲ್ಲಿ ಬೀಗ ಇನ್ನೂ ಉಳಿದಿದೆ.

ಬೀಗದ ಕೈ ಯಾರ ಹತ್ತಿರ?

ಇಲ್ಲಿಂದಾಚೆ ಇದು ಬರೀ ತಂತ್ರಜ್ಞಾನ ಅಲ್ಲ. ಎರಡು ಬದಲಾವಣೆ ಡಿಕ್ಕಿಯಾದಾಗ ಯಾವುದು ಉಳಿಯಬೇಕು ಅನ್ನೋದನ್ನು ಕೊನೆಗೆ ಯಾರೋ ಮನುಷ್ಯರೇ ನಿರ್ಧರಿಸುತ್ತಾರೆ. ಕರಡನ್ನು ‘ಬಿಡುಗಡೆ’ ಎಂದು ಗುರುತಿಸುವ ಅನುಮತಿ ಇರುವವರೇ ನಿಜವಾದ ಅಧಿಕಾರಸ್ಥರು. ಬೆಂಗಳೂರಿನಲ್ಲೂ ಏರ್‌ಬಸ್, ಬೋಯಿಂಗ್‌ನ ಎಂಜಿನಿಯರಿಂಗ್ ಕೇಂದ್ರಗಳಿವೆ. ಹೀಗೆ ಖಂಡಾಂತರ ಹಂಚಿಹೋದ ಕೆಲಸದಲ್ಲಿ ತಪ್ಪಾದರೆ ಬೊಟ್ಟು ಸುಲಭವಾಗಿ ತಿರುಗುವುದು ಸರಪಳಿಯ ಕೆಳಗಿರುವವರ ಕಡೆಗೆ.

ಆಗ ಕೈಹಿಡಿಯೋದು ಲಾಗ್: ಯಾರು, ಯಾವಾಗ, ಏನನ್ನು ಬದಲಿಸಿದರು, ಯಾರು ಒಪ್ಪಿದರು ಎಂಬ ದಾಖಲೆ. ಅದನ್ನು ಮ್ಯಾನೇಜರ್ ಮಾತ್ರ ನೋಡಬಹುದಾದರೆ ಅದು ಕಣ್ಗಾವಲು. ತಂಡದ ಎಲ್ಲರೂ ಓದಬಹುದಾದರೆ, ಯಾರೂ ಅಳಿಸಲಾಗದಿದ್ದರೆ, ಅದು ಉತ್ತರದಾಯಿತ್ವ. ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಅನ್ನೋದಕ್ಕಿಂತ ಮೊದಲು ತಂಡಗಳು ತೀರ್ಮಾನಿಸಬೇಕಾದ ಪ್ರಶ್ನೆ ಇದು.